ಬಾವಿಗೆ ಹಾಕದ ಬಕೆಟ್

ಊಟ ಆಗದವರು ಯಾರಾದರೂ ಇದ್ದರೆ ಈಗಲೇ ಎದ್ದು ಉಂಡು ಬನ್ನಿ. ಆಮೇಲೆ ನನ್ನನ್ನು ಬೈಯಬೇಡಿ. ಇದನ್ನು ಕೇಳಿದ ದಿನ ನನಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಗೊತ್ತಲ್ಲ, ನಾನು ಅಣ್ಣ ಅಂತೀನಲ್ಲ, ಲ್ಯಾಬಿನಲ್ಲಿ ಕೆಲಸ ಮಾಡೋನು... ಅವನಿಗೆ ಆದದ್ದು. ರಾತ್ರಿ ಹತ್ತೂವರೆ ಹೊತ್ತಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಲ್ಯಾಬಿನ ಹಿಂದಿನ ಗೇಟು ದಾಟಿದರೆ ಒಂದು ಹಾಳುಬಾವಿ. ಅದರ ಪಕ್ಕದಲ್ಲೇ ಕಾಲುದಾರಿ. ಕೈಯಲ್ಲಿ ಬಕೆಟ್, ಅದರ ಮೇಲೆ ತಟ್ಟೆ ಮುಚ್ಚಿದ್ದ. ದಿನಾ ಮಾಡೋ ಹಾಗೆ ಬಾವಿಕಟ್ಟೆಗೆ ಮೊಣಕಾಲು ಆನಿಸಿ ನಿಂತ. ತಟ್ಟೆ ತೆಗೆದ. ಬಕೆಟ್ಟಿನಲ್ಲಿರೋದು ಕೆಳಗೆ ಬಿದ್ದಾಗ ಯಾವ ಸದ್ದು ಬರುತ್ತೆ ಅಂತ ಅವನಿಗೆ ಬಾಯಿಪಾಠ ಆಗಿತ್ತು. ಕಲ್ಲು ಬಿದ್ದ ಹಾಗೆ ಗುಳುಂ ಅಲ್ಲ. ಬೊಳಕ್... ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಲಚಲಚಲಚ.

ಅವತ್ತೂ ಬೊಳಕ್ ಅಂತು. ಆಮೇಲೆ ಲಚಲಚಲಚ.

ಅಣ್ಣ ಬಕೆಟ್ ಇನ್ನೂ ಬಗ್ಗಿಸಿರಲಿಲ್ಲ.

ಸುಮ್ಮನೆ ನಿಂತ. ಬಾವಿಯೊಳಗೆ ಏನೋ ಒಂದು ಅಲುಗಾಡಿ, ಒಂದರ ಮೇಲೊಂದು ಜರುಗಿ, ತಣ್ಣಗಾಯ್ತು. ಇನ್ನೊಂದು ಸಲ ಬಕೆಟ್ ಎತ್ತೋಣ ಅಂತ ಬರೀ ಮನಸ್ಸಿನಲ್ಲಿ ಅಂದುಕೊಂಡ, ಕೈ ಇನ್ನೂ ಮೇಲೆ ಹೋಗಿಲ್ಲ... ಬೊಳಕ್. ಬಕೆಟ್ ಸಮೇತ ಗೇಟಿನ ಕಡೆ ಓಡಿದ. ಅಲ್ಲಿ ವಾಚ್‌ಮನ್ ತಾತ ಸ್ಟೂಲಿನ ಮೇಲೆ ಕೂತಿದ್ದ.

"ಹಾಕಲಿಲ್ವಾ?" ಅಂತ ತಾತ ಪಿಸುಗುಟ್ಟಿದ.

"ಇಲ್ಲ."

"ಸದ್ದು ಬಂತಲ್ಲಪ್ಪ."

"ಬಂತು."

ತಾತ ಬಕೆಟ್ ನೋಡಿದ, ಬಾವಿ ಕಡೆ ನೋಡಿದ, ಸ್ಟೂಲನ್ನು ಗೇಟಿನಿಂದ ಈಚೆಗೆ ಎಳೆದುಕೊಂಡ. ಅಣ್ಣ ವಾಪಸ್ ಒಳಗೆ ಹೋಗಿ ಬಕೆಟ್ಟನ್ನು ಲ್ಯಾಬಿನ ಫ್ರಿಜ್‌ನಲ್ಲಿ ತಳ್ಳಿ, ರಸ್ತೆ ಕಡೆಯಿಂದ ಸುತ್ತುಹಾಕಿಕೊಂಡು ಮನೆ ಸೇರಿದ. ತಪ್ಪಾದದ್ದೇ ಅಲ್ಲಿ. ಹೆದರಿಕೆ ನುಂಗಿಕೊಂಡು ಅವತ್ತೇ ಅದನ್ನು ಎಸೆದಿದ್ದರೆ ನಾನು ಈ ಮಾತು ಆಡೋ ಹಾಗೇ ಇರ್ತಿರಲಿಲ್ಲ.

ಬಕೆಟ್ಟಿನಲ್ಲಿ ಇದ್ದದ್ದು ಮಿದುಳು. ಬೆಚ್ಚಬೇಡಿ, ಮನುಷ್ಯನದಲ್ಲ, ಮಾಡಿದ್ದು. ಅವರ ಲ್ಯಾಬಿನ ಕೆಲಸ ಏನು ಅಂದರೆ, ಮದ್ದು ಸಿಡಿದಾಗ ಮನುಷ್ಯನ ತಲೆಗೆ ಏನಾಗುತ್ತೆ ಅಂತ ನೋಡೋದು. ಚೂರು ಒಂದೂ ತಾಗದೆ ಇದ್ದರೂ ಬರೀ ಗಾಳಿಯೇ ಬಂದು ಹೊಡೆಯುತ್ತಂತೆ. ಹೊರಗೆ ಗೀರು ಇರಲ್ಲ, ಒಳಗೆ ಕಲಕಿಹೋಗಿರುತ್ತಂತೆ. ಅದನ್ನು ನೋಡೋಕೆ ಬಸ್ಸಿನಷ್ಟು ಉದ್ದದ ಉಕ್ಕಿನ ಪೈಪು ಇಟ್ಟಿದ್ದಾರೆ. ಒಂದು ತುದಿಯಲ್ಲಿ ಗಾಳಿ ತುಂಬೋ ಡ್ರಮ್ಮು, ಅದರ ಬಾಯಿಗೆ ಬಿಗಿದ ಪ್ಲಾಸ್ಟಿಕ್ ಹಾಳೆ. ಕಂಪ್ರೆಸರ್ ಗೊರ್... ಅಂತ ಗಾಳಿ ತುಂಬ್ತಾ ಹೋಗುತ್ತೆ, ಹಾಳೆ ಟರಟರ ಅಂತ ಉಬ್ಬುತ್ತೆ, ಆಮೇಲೆ ಫಟಾರ್. ಆ ಹೊಡೆತ ಪೈಪಿನೊಳಗೆ ಓಡಿಬಂದು ಈಚೆ ತುದಿಯಲ್ಲಿ ಕಾಯ್ತಿರೋ ಪ್ಲಾಸ್ಟಿಕ್ ತಲೆಗೆ ಬಡಿಯುತ್ತೆ. ಕಣ್ಣಿಲ್ಲ, ಬಾಯಿಲ್ಲ, ಒಂದು ರಬ್ಬರ್ ಕುತ್ತಿಗೆ. ಲ್ಯಾಬಿನವರು ಅದಕ್ಕೆ ಮಾವ ಅಂತ ಹೆಸರಿಟ್ಟಿದ್ದರು. ಎಷ್ಟು ಬಡಿದರೂ ತುಟಿಪಿಟಕ್ ಅನ್ನದ ಮಾವ ಜಗತ್ತಿಗೆ ಇವನೊಬ್ಬನೇ ಅಂತ ನಗಾಡೋರು.

ಮಾವನ ಬುರುಡೆ ತುಂಬಿಸೋದು ಅಣ್ಣನ ಕೆಲಸ. ಮಾತ್ರೆಯ ಕ್ಯಾಪ್ಸೂಲ್ ಸಿಪ್ಪೆ ಮಾಡ್ತಾರಲ್ಲ, ಅದೇ ಪುಡಿ. ಸತ್ತ ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದದ್ದು. ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಉಗುರುಬೆಚ್ಚಗೆ ಕರಗಿಸಬೇಕು. ನೊರೆ ಬರದಿರಲಿ ಅಂತ ನಾಲ್ಕು ತೊಟ್ಟು ದಾಲ್ಚಿನ್ನಿ ಎಣ್ಣೆ ಬೇರೆ. ಆಮೇಲೆ ಆ ಲೋಳೆಯನ್ನು ಬುರುಡೆಗೆ ಹೊಯ್ದು ಫ್ರಿಜ್‌ನಲ್ಲಿಟ್ಟು ಹೆಪ್ಪುಗಟ್ಟಿಸಬೇಕು. ಒಳಗೆ ಮೂರು ಕಡೆ ಸೂಜಿ ಇರುತ್ತೆ. ಎಷ್ಟು ಒತ್ತಡ ಬಿತ್ತು ಅಂತ ಆ ಸೂಜಿಗಳು ಕಂಪ್ಯೂಟರಿಗೆ ಹೇಳ್ತವೆ. ಹಾಗೆ ನೋಡಿದರೆ ಅಣ್ಣ ಒಬ್ಬ ಅಡುಗೆಯವನು, ಅಷ್ಟೇ. ಆದರೆ ಅವನು ಮನೆಗೆ ಬಂದರೆ ಆ ವಾಸನೆ... ಎಲುಬಿನ ಗಬ್ಬು, ಅದರ ಮೇಲೆ ದಾಲ್ಚಿನ್ನಿಯ ಘಮ. ಗಬ್ಬು ಒಂದೇ ಇದ್ದಿದ್ದರೆ ಮೂಗು ಮುಚ್ಚಿಕೊಳ್ಳಬಹುದಿತ್ತು. ಘಮ ಸೇರಿದ್ದಕ್ಕೇ ತಡೆಯೋಕಾಗ್ತಿರಲಿಲ್ಲ. ನಮ್ಮ ಅತ್ತಿಗೆ ಅವನನ್ನು ಸ್ನಾನ ಮಾಡಿಸದೆ ಒಳಗೆ ಬಿಟ್ಟುಕೊಳ್ತಿರಲಿಲ್ಲ.

ಒಂದು ಮಿದುಳಿಗೆ ಒಂದೇ ಹೊಡೆತ. ಅದು ಆ ಲ್ಯಾಬಿನ ಕಟ್ಟುನಿಟ್ಟು. ಹೊಡೆತ ತಿಂದದ್ದನ್ನು ಮತ್ತೆ ಮುಟ್ಟಬಾರದು, ಸುಡೋಕೆ ಕೊಡಬೇಕು. ಸುಡೋ ಗಾಡಿ ಬರೋದು ತಿಂಗಳಿಗೊಮ್ಮೆ. ಎರಡನೇ ದಿನಕ್ಕೇ ಹಸಿರು ಬೂಷ್ಟು ಹಿಡಿಯೋದನ್ನು ತಿಂಗಳಿಡೀ ಯಾರು ಇಟ್ಟುಕೊಳ್ತಾರೆ? ಅದಕ್ಕೇ ಬಾವಿ. ಎಂಟು ತಿಂಗಳ ಮಿದುಳು, ಒಂದೊಂದೂ ಒಂದು ಸಲ ಏಟು ತಿಂದದ್ದು, ಆ ಬಾವಿಯೊಳಗೆ ಒಂದರ ಮೇಲೊಂದು ಬಿದ್ದುಕೊಂಡಿತ್ತು. ಥೂ. ಅದನ್ನು ಅವನು ಕಸ ಹಾಕಿದೆ ಅಂದಷ್ಟು ಸಲೀಸಾಗಿ ಹೇಳ್ತಾನೆ.

ಮಾರನೇ ಬೆಳಿಗ್ಗೆ ಹೊಸ ಪುಡಿ ಬರಲಿಲ್ಲ. ಲಾರಿ ಎಲ್ಲೋ ಕೆಟ್ಟು ನಿಂತಿತ್ತಂತೆ. ಲ್ಯಾಬಿನ ದೊಡ್ಡ ಮೇಡಂ ಆತುರದ ಹೆಂಗಸು, ಕೆಟ್ಟವರಲ್ಲ, ಆದರೆ ಕಾಯೋ ಜಾಯಮಾನದವರಲ್ಲ. ಶನಿವಾರದೊಳಗೆ ಆರು ಪರೀಕ್ಷೆ ಮುಗಿಯಲೇಬೇಕು ಅಂತ ಪಟ್ಟು ಹಿಡಿದರು. ಪರೀಕ್ಷೆ ಯಾವುದಕ್ಕೆ ಅಂದರೆ ಒಂದು ಹೊಸ ಹೆಲ್ಮೆಟ್ಟಿಗೆ. ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸೋರು ಹಾಕಿಕೊಳ್ಳೋದು. ಮೊದಲು ಅವರು ಐವತ್ತು ಹೆಜ್ಜೆ ದೂರ ನಿಲ್ಲಬೇಕಿತ್ತು. ಈ ಹೆಲ್ಮೆಟ್ ಪಾಸಾದರೆ ಮೂವತ್ತು ಹೆಜ್ಜೆ ಸಾಕು, ಓಡಾಟ ಕಡಿಮೆ, ಕೆಲಸ ಬೇಗ. ಇನ್ನೊಂದು ವಿಷಯ ಈಗಲೇ ಹೇಳಿಬಿಡ್ತೀನಿ. ನಮ್ಮ ಅತ್ತಿಗೆಯ ಒಬ್ಬನೇ ತಮ್ಮ ಅದೇ ಕ್ವಾರಿಯಲ್ಲಿ ಮದ್ದು ಸಿಡಿಸೋನು. ಮಾವನ ತಲೆಯಲ್ಲಿ ಬರೋ ಲೆಕ್ಕದ ಮೇಲೆ ಆ ಹುಡುಗ ಎಷ್ಟು ಹತ್ತಿರ ನಿಲ್ತಾನೆ ಅನ್ನೋದು ನಿಂತಿತ್ತು. ಅದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಏನು ಮಾಡಿದ? ಫ್ರಿಜ್‌ನಲ್ಲಿ ಬಕೆಟ್ ಇತ್ತಲ್ಲ. ಬಾವಿಗೆ ಹಾಕದೆ ತಂದದ್ದು. ಅದನ್ನೇ ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ. ಹಳೇ ಬಟ್ಟೆಯಲ್ಲಿ ಸೋಸಿದ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚೂರು, ತುಕ್ಕು, ಎಲ್ಲಿಂದಲೋ ಬಂದ ಒಂದು ಕೂದಲು. ಅದನ್ನು ಬೆರಳಲ್ಲಿ ಒರೆಸಿಹಾಕಿ, ಲೋಳೆಯನ್ನು ಮತ್ತೆ ಬುರುಡೆಗೆ ಹೊಯ್ದ. ಯಾರಿಗೂ ಹೇಳಲಿಲ್ಲ. ಹೊಸದು ಅಂತ ಚೀಟಿ ಅಂಟಿಸಿದ.

ಮಾವನಿಗೆ ಹೆಲ್ಮೆಟ್ ಹಾಕಿದರು. ಗೊರ್... ಟರಟರ... ಫಟಾರ್. ಲೆಕ್ಕ ನೋಡಿದರೆ ಒತ್ತಡ ಅರ್ಧಕ್ಕರ್ಧ ಕಡಿಮೆ. ಮೇಡಂ ಚಪ್ಪಾಳೆ ತಟ್ಟಿದರಂತೆ. ಆದರೆ ಕಂಪ್ಯೂಟರ್ ಪರದೆಯಲ್ಲಿ ಒತ್ತಡ ತೋರಿಸೋ ಗೆರೆಯಲ್ಲಿ ಒಂದು ಐಬು. ಹಾಳೆ ಹರಿಯೋ ಕ್ಷಣಕ್ಕೆ ಅವರು ಸೊನ್ನೆ ಅಂತಾರೆ. ಸೊನ್ನೆಗಿಂತ ಮುಂಚೆ ಗೆರೆ ನೆಲಕ್ಕಂಟಿಕೊಂಡು ಮಲಗಿರಬೇಕು. ಈ ಗೆರೆ ಸೊನ್ನೆಗಿಂತ ಒಂದು ಚೂರು ಮುಂಚೆ ಸಣ್ಣಗೆ ಎದ್ದಿತ್ತು. ಏಟು ಬೀಳೋಕೆ ಮುಂಚೆಯೇ ಒಳಗಿನದು ಬೆಚ್ಚಿತ್ತು.

ಮೇಡಂ ವೈರು ಸಡಿಲ ಅಂದರು. ಅಣ್ಣ ವೈರು ಬದಲಾಯಿಸಿದ. ಪುಡಿ ಇನ್ನೂ ಬಂದಿರಲಿಲ್ಲ, ಅದನ್ನೇ ಕರಗಿಸಿ ಅದನ್ನೇ ಹೊಯ್ದ. ಎರಡನೇ ಸಲ ಒತ್ತಡ ಇನ್ನೂ ಕಡಿಮೆ, ಬೆಚ್ಚಿದ್ದು ಇನ್ನೂ ಮುಂಚೆ. ಹೀಗೇ ಆರು ಸಲ. ಅದೇ ಲೋಳೆ, ಆರು ಏಟು, ಆರು ಸಲ ಕರಗಿಸಿ ಆರು ಸಲ ಹೆಪ್ಪು. ಆರನೆಯದರಲ್ಲಿ, ಕಂಪ್ರೆಸರ್ ಸ್ವಿಚ್ಚಿಗೆ ಇವನು ಕೈ ಹಾಕೋ ಮುಂಚೆಯೇ ಗೆರೆ ಎದ್ದು ಕೂತಿತ್ತಂತೆ. ಏಟು ಬೀಳೋ ಹೊತ್ತಿಗೆ ಒಳಗಿನದು ಮುದುಡಿ, ಬಿಗಿಹಿಡಿದು, ತಯಾರಾಗಿ ನಿಂತಿರ್ತಿತ್ತು. ಅದಕ್ಕೇ ಲೆಕ್ಕ ಅಷ್ಟು ಚೆನ್ನಾಗಿ ಬರ್ತಿತ್ತು. ಹೆಲ್ಮೆಟ್ಟಿನ ಗುಣ ಅಲ್ಲ ಅದು.

ಅಣ್ಣ ಮೇಡಂ ಹತ್ತಿರ ಗೆರೆ ತೋರಿಸಿದ. ಕರಗಿಸಿ ಹೊಯ್ದದ್ದನ್ನು ಮಾತ್ರ ಹೇಳಲಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿ, "ಸೊನ್ನೆಗಿಂತ ಮುಂಚಿನದು ನಮಗೆ ಲೆಕ್ಕಕ್ಕಿಲ್ಲ, ಕತ್ತರಿಸಿಬಿಡು" ಅಂದರು. ಕತ್ತರಿಸಿದ. ಹೆಲ್ಮೆಟ್ ಪಾಸು. ಮಾಲು ಆಗಲೇ ಕ್ವಾರಿಗೆ ಬಂದು ಇದೊಂದು ಮಾತಿಗೆ ಕಾಯ್ತಿತ್ತಂತೆ.

ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಮಾವನನ್ನು ತೊಳೆದಿಡೋಕೆ ಇವನೊಬ್ಬನೇ ಉಳಿದ. ಸೂಜಿಗಳ ವೈರು ಇನ್ನೂ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಪರದೆಯ ಮೇಲೆ ಗೆರೆ ಸುಮ್ಮನೆ ಮಲಗಿತ್ತು. ಇವನಿಗೆ ಏನು ಬುದ್ಧಿ ಬಂತೋ... ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಮಾವನ ಎದುರಿಗೆ ನಿಂತ. ಪೈಪಿನಲ್ಲಿ ಗಾಳಿ ಇಲ್ಲ, ಹಾಳೆ ಇಲ್ಲ. ಕೆನ್ನೆಗೊಂದು ಬಾರಿಸಿದರೆ ಹೇಗೆ ಅಂತ ಬರೀ ಮನಸ್ಸಿನಲ್ಲಿ ಅಂದುಕೊಂಡ.

ಗೆರೆ ಚಟ್ಟನೆ ಮೇಲೆ ಹಾರಿತು.

ಇಲ್ಲ, ಹೊಡೆಯಲ್ಲ ಅಂದುಕೊಂಡ. ಗೆರೆ ಮೆಲ್ಲಗೆ ಇಳಿಯಿತು. ಮತ್ತೆ ಅಂದುಕೊಂಡ. ಮತ್ತೆ ಹಾರಿತು. ನಾಲ್ಕು ಸಲ ಹಾಗೆ ಮಾಡಿದನಂತೆ. ನನಗೆ ಹೇಳೋವಾಗ ನಾಲ್ಕು ಬೆರಳು ಎತ್ತಿ ತೋರಿಸಿದ. ಮೊದಲನೆಯದು ಅನುಮಾನಕ್ಕೆ ಅಂತಿಟ್ಟುಕೊಳ್ಳೋಣ, ಉಳಿದ ಮೂರು ಯಾತಕ್ಕೆ ಅಂತ ಕೇಳಿದೆ. ಬೆರಳು ಮಡಚಿಕೊಂಡ. ನನಗೆ ದೆವ್ವಕ್ಕಿಂತ ಆ ಮೂರೇ ಹೆಚ್ಚು ಹೇಸಿಗೆ ಅನ್ನಿಸಿದ್ದು.

ಆಮೇಲೆ ಬುರುಡೆ ಬಿಚ್ಚಿದ. ಮೇಲಿನ ಚಿಪ್ಪು ಲೊಚಕ್ ಅಂತ ಬಿಟ್ಟುಕೊಂಡಿತು. ಅಂಚಿನವರೆಗೂ ತುಂಬಿ ಹೊಯ್ದದ್ದು ಇವನೇ. ಆದರೆ ಹಣೆಯ ಕಡೆ ಎರಡು ಬೆರಳಗಲ ಖಾಲಿ. ಒಳಗಿನದೆಲ್ಲ ಹಿಂದಕ್ಕೆ ಸರಿದು, ಹಿಂಬುರುಡೆಗೆ ಒತ್ತಿಕೊಂಡು, ಮುದ್ದೆಯಾಗಿ ಕೂತಿತ್ತು. ಮುಟ್ಟಿದ. ಫ್ರಿಜ್‌ನಿಂದ ತೆಗೆದು ಗಂಟೆಯೂ ಆಗಿರಲಿಲ್ಲ... ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ. ಮಾವನನ್ನು ಹಾಗೇ ಬಿಚ್ಚಿಟ್ಟು, ಲೈಟು ಕೂಡ ಆರಿಸದೆ ಮನೆಗೆ ಬಂದ.

ಭಾನುವಾರ ಅತ್ತಿಗೆಯ ತಮ್ಮ ಮನೆಗೆ ಬಂದ, ಹೊಸ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು. ಮಕ್ಕಳ ತಲೆಗೆ ಹಾಕಿ ಆಟ ಆಡಿಸಿದ. ಭಾವಾ, ನಿಮ್ಮ ಲ್ಯಾಬಿನದೇ ಅಂತೆ, ನಾಳೆಯಿಂದ ಮೂವತ್ತು ಹೆಜ್ಜೆ, ಬೇಗ ಮನೆಗೆ ಬರ್ತೀನಿ ಅಂತ ಬೀಗಿದ. ಅಣ್ಣ, ಇನ್ನೊಂದು ವಾರ ಹಳೇ ದೂರದಲ್ಲೇ ನಿಂತುಕೋ ಮಾರಾಯ ಅಂತ ಹೇಳಿನೋಡಿದ. ಹುಡುಗ ನಕ್ಕ. ಪಾಸಾಗಿದೆ ಅಂತ ಸಹಿ ಹಾಕಿದವರು ನಿಮ್ಮ ಲ್ಯಾಬಿನವರೇ ತಾನೇ ಅಂದ.

ರಾತ್ರಿ ಹುಡುಗ ಪಡಸಾಲೆಯಲ್ಲಿ ಮಲಗಿದ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದರು. ಅತ್ತಿಗೆಯೇ ನನಗೆ ಹೇಳಿದ್ದು.

"ಅವನು ನಾಳೆ ಹೋಗಬಾರದು."

"ಯಾಕೆ?"

"ಆ ಹೆಲ್ಮೆಟ್ ಸುಳ್ಳು."

"ಮೇಡಂಗೆ ಫೋನ್ ಮಾಡಿ ಹೇಳ್ರಿ."

"ಹೇಳಿದರೆ ನನ್ನ ಕೆಲಸ ಹೋಗುತ್ತೆ."

ನಲ್ಲಿ ಜರ್ರೋ ಅಂತ ಹರೀತಾ ಇತ್ತು. ಅತ್ತಿಗೆ ಸ್ವಲ್ಪ ಹೊತ್ತು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಭೇದಿ ಮಾತ್ರೆ ಇದೆ" ಅಂದಳು.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಬೆಳಿಗ್ಗೆ ಹಾಲಿನಲ್ಲಿ ಎರಡು ಮಾತ್ರೆ ಕದಡಿ ಕೊಟ್ಟರು. ಸೋಮವಾರ ಇಡೀ ದಿನ ಆ ಹುಡುಗ ಪಾಯಿಖಾನೆ ಬಿಟ್ಟು ಈಚೆ ಬರಲಿಲ್ಲ. ಹೆಲ್ಮೆಟ್ ಬಾಗಿಲ ಹೊರಗೆ ಬೋರಲು ಬಿದ್ದಿತ್ತು. ಅಣ್ಣ ನೆಮ್ಮದಿಯಿಂದ ಲ್ಯಾಬಿಗೆ ಹೋಗಿ ಮಾವನನ್ನು ಬಿಸಿನೀರಲ್ಲಿ ತೊಳೆದಿಟ್ಟ. ಹೊಸ ಪುಡಿಯೂ ಬಂತು, ನೆನೆಹಾಕಿದ.

ಹೀಗೆ ತಮ್ಮವನನ್ನು ಉಳಿಸಿಕೊಂಡರು. ಆದರೆ ಒಬ್ಬ ಬರಲಿಲ್ಲ ಅಂತ ಕ್ವಾರಿ ಮುಚ್ತಾರಾ? ಅವನ ಬದಲು ಅವನ ಜೊತೆಗಾರ ಮದ್ದಿಗೆ ನಿಂತ. ಅಂಥದೇ ಹೊಸ ಹೆಲ್ಮೆಟ್, ಮೂವತ್ತು ಹೆಜ್ಜೆ. ಆ ಮನುಷ್ಯನ ಮನೆ ನನ್ನ ಹೊಲಿಗೆ ಅಂಗಡಿಯ ಹಿಂದಿನ ಓಣಿಯಲ್ಲೇ. ಸಂಜೆ ಅವನು ನಡೆದುಕೊಂಡೇ ಮನೆಗೆ ಬಂದ. ನಾನೇ ಅಂಗಡಿ ಬಾಗಿಲಿನಿಂದ ನೋಡಿದೆ. ಮೈ ಮೇಲೆ ಒಂದು ಗೀರು ಇರಲಿಲ್ಲ. ತನ್ನ ಮನೆ ದಾಟಿ ಮುಂದೆ ಹೋದ, ವಾಪಸ್ ಬಂದ, ಮತ್ತೆ ದಾಟಿ ಹೋದ. ಹೆಂಡತಿ ಓಡಿಬಂದು ಕೈ ಹಿಡಿದರೆ, ನೀವು ಯಾರಮ್ಮ ಅಂತ ಬಹಳ ಮರ್ಯಾದೆಯಿಂದ ಕೇಳಿದ.

ಕ್ವಾರಿಯವರು ವಿಚಾರಣೆ ಮಾಡಿದರು. ಒಂದು ಗೀರೂ ಇಲ್ಲ ಅಂದಮೇಲೆ ಹೆಲ್ಮೆಟ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ ಅಂತ ಬರೆದುಕೊಂಡು ಹೋದರು. ಆದರೂ ಸದ್ದಿಲ್ಲದೆ ಎಲ್ಲರನ್ನೂ ಮತ್ತೆ ಐವತ್ತು ಹೆಜ್ಜೆಗೆ ಕಳಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ.

ಇದಾಗಿ ಎರಡು ವಾರಕ್ಕೆ ಅಣ್ಣ ನನ್ನ ಅಂಗಡಿಗೆ ಬಂದು, ಶಟರ್ ಅರ್ಧ ಎಳೆಸಿ, ಇದನ್ನೆಲ್ಲ ಹೇಳಿದ. ಬಾವಿ, ಬಕೆಟ್, ಗೆರೆ, ಎಲ್ಲ. ಹೇಳಿದರೆ ಭಾರ ಇಳಿಯುತ್ತೆ ಅಂದುಕೊಂಡಿದ್ದನೇನೋ. ಒಂದೇ ಒಂದು ಫೋನು ಮಾಡೋಕೆ ನಿನಗೆ ಕೈ ಬರಲಿಲ್ವಾ ಅಂದೆ. ನನಗೂ ಎರಡು ಮಕ್ಕಳಿವೆ ಅಂದ. ಹಿಂದಿನ ಓಣಿಯವನಿಗೆ ಮೂರು ಅಂದೆ. ತಲೆ ತಗ್ಗಿಸಿಕೊಂಡು ಹೋದ. ಅವತ್ತಿನಿಂದ ನಾನು ಅವನ ಮನೆಯಲ್ಲಿ ನೀರು ಕುಡಿದಿಲ್ಲ. ನೀವೆಲ್ಲ ಯಾಕೆ ಯಾಕೆ ಅಂತ ಕೇಳ್ತಿದ್ರಲ್ಲ, ಇದಕ್ಕೇ.

ಕತೆ ಇಷ್ಟೇ ಆಗಿದ್ದರೆ ನಾನೂ ಇದನ್ನು ದೆವ್ವದ ಲೆಕ್ಕಕ್ಕೆ ಸೇರಿಸ್ತಿರಲಿಲ್ಲ. ಬರೀ ಮನುಷ್ಯರ ಕೊಳಕು ಅಂತ ಬಿಟ್ಟುಬಿಡ್ತಿದ್ದೆ.

ಆ ಜೊತೆಗಾರನ ಹೆಂಡತಿ ನನ್ನ ಹತ್ತಿರ ದಿಂಬಿನ ಕವರ್ ಹೊಲಿಸೋಕೆ ಬರ್ತಾಳೆ. ಮೊದಲ ಸಲ ಎರಡು. ಮುಂದಿನ ವಾರ ನಾಲ್ಕು. ಅದರ ಮುಂದಿನ ವಾರ ಆರು, ಒಳಗಡೆ ರಬ್ಬರ್ ಶೀಟ್ ಹಾಕಿ ಹೊಲಿ ಅಕ್ಕ, ಮಕ್ಕಳ ಹಾಸಿಗೆಗೆ ಹಾಕ್ತಾರಲ್ಲ ಅಂಥದ್ದು ಅಂದಳು. ಏನಮ್ಮ ಅಷ್ಟೊಂದು ಬೆವರ್ತಾನಾ ಅಂತ ಕೇಳಿದೆ. ಬೆವರಲ್ಲ ಅಂದಳು. ಮಧ್ಯಾಹ್ನ ಬಿಸಿಲೇರಿದರೆ ಅವನ ಮೂಗಿನಿಂದ ತಿಳಿಯಾಗಿ ಏನೋ ಇಳಿಯುತ್ತಂತೆ. ಡಾಕ್ಟರು ನೋಡಿ ಬರೀ ನೆಗಡಿ ಅಂದರಂತೆ. ಆದರೆ ರಾತ್ರಿ ತಂಪು ಬಿದ್ದ ಮೇಲೆ ಅದು ದಿಂಬಿನ ಮೇಲೆ ಹೆಪ್ಪುಗಟ್ಟುತ್ತಂತೆ. ಬೆರಳಲ್ಲಿ ಒತ್ತಿದರೆ ಕುಲುಕುತ್ತಂತೆ.

ನಾನು ನಂಬಲಿಲ್ಲ. ನೆಗಡಿ ಎಲ್ಲಾದರೂ ಹೆಪ್ಪುಗಟ್ಟುತ್ತಾ? ಕವರ್ ಕೊಡೋ ನೆಪದಲ್ಲಿ ಅವಳ ಮನೆಗೆ ಹೋದೆ. ಆ ಮನುಷ್ಯ ಕಿಟಕಿ ಹತ್ತಿರ ಕೂತಿದ್ದ, ತಲೆಗೆ ಒದ್ದೆ ಟವೆಲ್ ಸುತ್ತಿತ್ತು. ನನ್ನನ್ನು ನೋಡಿ ಕೈ ಮುಗಿದ. ಅವಳು ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, ಫ್ರಿಜ್ ಬಾಗಿಲು ತೆಗೆದಳು. ಹಾಲಿನ ಪಾತ್ರೆ ಪಕ್ಕ ಒಂದು ಸ್ಟೀಲ್ ಡಬ್ಬಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ದಿಂಬಿನ ಮೇಲಿರೋದನ್ನು ಚಮಚದಲ್ಲಿ ತೆಗೆದು ಅದಕ್ಕೆ ಹಾಕಿಡ್ತಾಳಂತೆ.

ಸೆರಗು ಬಾಯಿಗೆ ಒತ್ತಿಕೊಂಡು, ಇದನ್ನು ಎಸೆಯಬಾರದೇನೇ ತಾಯಿ ಅಂದೆ.

"ಹೇಗೆ ಎಸೀಲಿ ಅಕ್ಕ" ಅಂದಳು. "ಅವರದ್ದಲ್ವಾ."

ಡಬ್ಬಿ ಮುಕ್ಕಾಲು ತುಂಬಿದೆ. ಅವಳೇ ಮುಚ್ಚಳ ತೆಗೆದು ತೋರಿಸಿದಳು, ನಾನು ಈ ಕಣ್ಣಾರೆ ನೋಡಿದೆ.